ಮರದ ಬೇರು ಮತ್ತು ಮನೆಯ ಒಳಚರಂಡಿ

ಮನೆಯ ಗೋಡೆ ಬಿರುಕು ಬಿಟ್ಟರೆ ಕಣ್ಣಿಗೆ ಕಾಣುತ್ತದೆ. ಚಾವಣಿ ಸೋರಿದರೆ ಮೊದಲ ಮಳೆಯಲ್ಲೇ ತಿಳಿಯುತ್ತದೆ. ಆದರೆ ಅಂಗಳದ ಮಣ್ಣಿನ ಕೆಳಗೆ ಹೂತಿರುವ ಕೊಳೆನೀರಿನ ಪೈಪು ಕೆಟ್ಟಿರುವುದು, ಬಚ್ಚಲಿನ ನೀರು ಹೊರಗೆ ಹೋಗದೆ ಹಿಂದಕ್ಕೆ ಉಕ್ಕುವವರೆಗೂ ಮನೆಯವರ ಗಮನಕ್ಕೆ ಬರುವುದಿಲ್ಲ. ಇಂತಹ ಅಡಚಣೆಗೆ ಕಾರಣಗಳು ಹಲವು. ಅವುಗಳಲ್ಲಿ ಮತ್ತೆ ಮತ್ತೆ ಮರುಕಳಿಸುವ, ಸಾಮಾನ್ಯ ಶುಚೀಕರಣದಿಂದ ಪೂರ್ತಿ ಪರಿಹಾರವಾಗದ ಒಂದು ಕಾರಣವೆಂದರೆ ಪೈಪಿನೊಳಕ್ಕೆ ನುಗ್ಗಿದ ಮರದ ಬೇರು.

ಬೇರು ನುಗ್ಗಿದೆಯೆಂದು ತಿಳಿದ ಕೂಡಲೇ ಮನೆಯ ಯಜಮಾನರು ಸಾಮಾನ್ಯವಾಗಿ ಎರಡು ತಪ್ಪು ನಿರ್ಧಾರಗಳನ್ನು ಕೈಗೊಳ್ಳುವುದುಂಟು. ಮರವನ್ನೇ ಕಡಿಸಿಬಿಡುವುದು ಒಂದು. ಕೂಲಿಯವನೊಬ್ಬನನ್ನು ಕರೆಸಿ ಗುಂಡಿಯೊಳಕ್ಕೆ ಇಳಿಸುವುದು ಇನ್ನೊಂದು. ಮೊದಲನೆಯದರಿಂದ ನೆರಳು ಹೋಗುತ್ತದೆ, ಪೈಪಿನ ದೋಷ ಮಾತ್ರ ಹಾಗೆಯೇ ಉಳಿಯುತ್ತದೆ. ಎರಡನೆಯದರಿಂದ ಒಬ್ಬ ಮನುಷ್ಯನ ಪ್ರಾಣವೇ ಹೋಗಬಹುದು. ಮರವನ್ನೂ ಮನುಷ್ಯನನ್ನೂ ಉಳಿಸಿಕೊಂಡು ಪೈಪನ್ನು ಸರಿಪಡಿಸುವ ಕ್ರಮವನ್ನು ತಿಳಿಸುವುದೇ ಈ ಪಾಠದ ಉದ್ದೇಶ.

ವಿವರಣೆಗೆ ಗುಜರಾತಿನ ಸೂರತ್ ನಗರವನ್ನು ಆರಿಸಿಕೊಳ್ಳಲಾಗಿದೆ. ಎರೆಮಣ್ಣು, ಭಾರಿ ಮಳೆ, ಸಾಲುಮರ ಮತ್ತು ಜನದಟ್ಟಣೆ ಈ ನಾಲ್ಕೂ ಅಲ್ಲಿ ಒಂದೆಡೆ ಕೂಡಿವೆ. ಅಲ್ಲಿನ ಕಪ್ಪು ಎರೆಮಣ್ಣಿನ ಗುಣ ಧಾರವಾಡ, ಗದಗ, ವಿಜಯಪುರ, ಕಲಬುರಗಿ ಸೀಮೆಯ ಜನರಿಗೆ ಹೊಸತಲ್ಲ. ಆದ್ದರಿಂದ ಸೂರತ್ತಿನ ಮನೆಯೊಂದಕ್ಕೆ ಹೇಳಿದ ಮಾತು ಕರ್ನಾಟಕದ ಬಹುಪಾಲು ಊರುಗಳಿಗೂ ಅನ್ವಯಿಸುತ್ತದೆ.

ಸೂರತ್ ನಗರದ ಹಿನ್ನೆಲೆ

ಮುಚ್ಚಿದ ಚರಂಡಿ ಗುಜರಾತಿಗೆ ಹೊಸದೇನಲ್ಲ. ಅಹಮದಾಬಾದ್ ಜಿಲ್ಲೆಯ ಲೋಥಲ್‌ನಲ್ಲಿ ಕನ್ನಡಿಗರೇ ಆದ ಪುರಾತತ್ತ್ವಜ್ಞ ಶಿಕಾರಿಪುರ ರಂಗನಾಥ ರಾವ್ ಅವರು 1955ರಲ್ಲಿ ಆರಂಭಿಸಿದ ಉತ್ಖನನದಲ್ಲಿ, ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಸುಟ್ಟ ಇಟ್ಟಿಗೆಯ ಚರಂಡಿಗಳು ಬೆಳಕಿಗೆ ಬಂದವು. ಕೊಳೆನೀರನ್ನು ಕಣ್ಣಿಗೆ ಬೀಳದಂತೆ ಊರಾಚೆ ಸಾಗಿಸಬೇಕೆಂಬ ತಿಳಿವಳಿಕೆ ಈ ನೆಲದಲ್ಲಿ ಅಷ್ಟು ಹಳೆಯದು.

ತಾಪಿ ನದಿಯ ದಡದ ಸೂರತ್ ಜವಳಿ ಮತ್ತು ವಜ್ರದ ಕೆಲಸಕ್ಕೆ ಹೆಸರಾದ ಊರು. 1991ರ ಜನಗಣತಿಯಲ್ಲಿ ಸುಮಾರು 15 ಲಕ್ಷವಿದ್ದ ನಗರಪಾಲಿಕೆಯ ಜನಸಂಖ್ಯೆ 2011ರಲ್ಲಿ ಸುಮಾರು 44.6 ಲಕ್ಷಕ್ಕೆ ಏರಿತು. ಹಳೆಯ ಮನೆಗಳಲ್ಲಿ ಕೊಳೆನೀರು ಇಂಗಲು ಗುಜರಾತಿ ಭಾಷೆಯಲ್ಲಿ 'ಖಾಳ್‌ಕೂವೊ' ಎನ್ನುವ ಇಂಗುಗುಂಡಿಗಳಿದ್ದವು. ನಗರ ಬೆಳೆದಂತೆ ಮನೆಗಳು ಒಳಚರಂಡಿಯ ಜಾಲಕ್ಕೆ ಸೇರಿದವು.

ಚರಂಡಿ ಕಟ್ಟಿಕೊಂಡರೆ ಊರಿಗೆ ಏನಾಗಬಹುದು ಎಂಬುದನ್ನು ಸೂರತ್ ಕಷ್ಟಪಟ್ಟು ಕಲಿತಿದೆ. 1994ರ ಮಳೆಗಾಲದಲ್ಲಿ ನೀರು ನಿಂತು ಕಸ ಕೊಳೆತ ನಗರದಲ್ಲಿ, ಸೆಪ್ಟೆಂಬರ್ ತಿಂಗಳಿನಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಲಕ್ಷಾಂತರ ಜನ ಊರು ತೊರೆದರು. 1995ರಲ್ಲಿ ನಗರಪಾಲಿಕೆಯ ಆಯುಕ್ತರಾಗಿ ಬಂದ ಎಸ್.ಆರ್. ರಾವ್ ಅವರ ಅವಧಿಯಲ್ಲಿ ಕಸ ವಿಲೇವಾರಿ ಮತ್ತು ನೈರ್ಮಲ್ಯದ ವ್ಯವಸ್ಥೆಯನ್ನು ಪುನಃ ಕಟ್ಟಲಾಯಿತು. (ಇವರು ಲೋಥಲ್‌ನ ಪುರಾತತ್ತ್ವಜ್ಞರಲ್ಲ, ಹೆಸರು ಮಾತ್ರ ಒಂದೇ.) 2006ರ ಆಗಸ್ಟ್‌ನಲ್ಲಿ ತಾಪಿಯ ಮಹಾಪೂರ ನಗರದ ಬಹುಭಾಗವನ್ನು ಮುಳುಗಿಸಿತು. ಇಷ್ಟೆಲ್ಲ ಕಂಡ ನಗರವು 2023ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಇಂದೋರ್‌ನೊಡನೆ ದೇಶದ ಮೊದಲ ಸ್ಥಾನವನ್ನು ಹಂಚಿಕೊಂಡಿತು.

ನಗರಪಾಲಿಕೆ ಬೀದಿಯ ಚರಂಡಿಯನ್ನು ಎಷ್ಟೇ ಚೆನ್ನಾಗಿ ಇಟ್ಟರೂ, ಮನೆಯಿಂದ ಬೀದಿಯವರೆಗಿನ ಪೈಪು ಸಾಮಾನ್ಯವಾಗಿ ಮನೆಯವರದೇ ಹೊಣೆ. ಬೇರಿನ ತೊಂದರೆ ಹೆಚ್ಚಾಗಿ ಕಾಣಿಸಿಕೊಳ್ಳುವುದೂ ಈ ಭಾಗದಲ್ಲೇ. ಇಲ್ಲಿ ಪೈಪು ಸಣ್ಣದು, ಆಳ ಕಡಿಮೆ, ಗಿಡಮರ ಹತ್ತಿರ.

ಬೇರು ಪೈಪಿನೊಳಗೆ ಬರುವ ಬಗೆ

ಬೇರು ಪೈಪನ್ನು ಒಡೆದು ಒಳಗೆ ನುಗ್ಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಪೂರ್ತಿ ಸರಿಯಲ್ಲ. ಬೇರಿನ ತುದಿ ಅತ್ಯಂತ ಮೃದುವಾದ ಭಾಗ. ಗಟ್ಟಿಯಾದ, ಬಿರುಕಿಲ್ಲದ ಪೈಪಿನ ಗೋಡೆಯನ್ನು ಕೊರೆಯುವ ಶಕ್ತಿ ಅದಕ್ಕಿಲ್ಲ. ಅದು ತೇವವಿರುವ ಕಡೆಗೆ, ಸಡಿಲ ಮಣ್ಣಿರುವ ಕಡೆಗೆ ಬೆಳೆಯುತ್ತ ಹೋಗುತ್ತದೆ. ಪೈಪು ಹಾಕಲು ಅಗೆದು ಮುಚ್ಚಿದ ಕಾಲುವೆಯ ಮಣ್ಣು ಸುತ್ತಲಿನ ಮಣ್ಣಿಗಿಂತ ಸಡಿಲವಾಗಿರುತ್ತದೆ. ಸಂದಿನಲ್ಲಿ ಹನಿ ಹನಿಯಾಗಿ ನೀರು ಜಿನುಗುತ್ತಿದ್ದರೆ ಅಲ್ಲಿ ಬೇಸಿಗೆಯಲ್ಲೂ ತೇವವಿರುತ್ತದೆ. ಸುತ್ತಲಿನ ನೆಲ ಒಣಗಿದಷ್ಟೂ ಬೇರುಗಳು ಈ ತೇವದ ಬಳಿ ಹೆಚ್ಚು ಹೆಚ್ಚಾಗಿ ಕೂಡಿಕೊಳ್ಳುತ್ತವೆ.

ಕೂದಲೆಳೆಯಷ್ಟು ತೆಳುವಾದ ಬೇರು ಸಂದಿನ ಸೀಳಿನಲ್ಲಿ ಒಳಕ್ಕೆ ಇಳಿದರೆ, ಅದಕ್ಕೆ ಬೇಕಾದುದೆಲ್ಲ ಅಲ್ಲಿ ದೊರೆಯುತ್ತದೆ. ಕೊಳೆನೀರಿನಲ್ಲಿ ಸಾರಜನಕವೂ ರಂಜಕವೂ ಇವೆ. ಮನೆಯ ಚರಂಡಿ ಪೈಪು ಸಾಮಾನ್ಯವಾಗಿ ತುಂಬಿ ಹರಿಯುವುದಿಲ್ಲವಾದ್ದರಿಂದ ಮೇಲ್ಭಾಗದಲ್ಲಿ ಗಾಳಿಯೂ ಇದೆ. ಕೆಲವು ತಿಂಗಳುಗಳಲ್ಲಿ ಆ ಒಂದು ಎಳೆ ಕವಲೊಡೆದು ಕುದುರೆಯ ಬಾಲದಂತಹ ಜುಂಗಾಗುತ್ತದೆ. ಅಡುಗೆಮನೆಯಿಂದ ಬರುವ ಜಿಡ್ಡು, ಬಚ್ಚಲಿನಿಂದ ಬರುವ ಕೂದಲು, ಸೋಪಿನ ಮಡ್ಡಿ ಮತ್ತು ಬಟ್ಟೆಯ ನೂಲು ಈ ಜುಂಗಿನಲ್ಲಿ ಸಿಕ್ಕಿಕೊಳ್ಳುತ್ತವೆ. ಜಾಲರಿಯಂತಿದ್ದುದು ಬಿರಡೆಯಾಗುತ್ತದೆ.

ಇದಾದ ಮೇಲೆ ಎರಡನೆಯ ಹಂತ. ಸಂದಿನಲ್ಲಿ ಸಿಕ್ಕಿಕೊಂಡ ಬೇರು ವರ್ಷದಿಂದ ವರ್ಷಕ್ಕೆ ದಪ್ಪವಾಗಿ, ಸಂದನ್ನು ಅಗಲಿಸಿ, ಪೈಪಿನ ಬಾಯನ್ನು ಒಡೆಯುತ್ತದೆ. ಬೇರು ಪೈಪನ್ನು ಒಡೆಯುವುದು ಒಳಗೆ ಬಂದ ಮೇಲೆಯೇ ಹೊರತು ಒಳಗೆ ಬರುವುದಕ್ಕಾಗಿ ಅಲ್ಲ. ಹೀಗಾಗಿ ಬೇರು ಮೂಲ ರೋಗವಲ್ಲ. ಪೈಪು ಸೋರುತ್ತಿದೆ ಎಂಬುದಕ್ಕೆ ಅದೊಂದು ಲಕ್ಷಣ.

ಎರೆಮಣ್ಣು ಮತ್ತು ಪೈಪಿನ ಸಂದು

ಹಳೆಯ ಬಡಾವಣೆಗಳಲ್ಲಿ ಬಳಸಿರುವುದು ಹೆಚ್ಚಾಗಿ ಉಪ್ಪಿನ ಮೆರುಗು ಕೊಟ್ಟ ಜೇಡಿಮಣ್ಣಿನ ಪೈಪು. ಇದನ್ನು ಗಾರೆ ಕೆಲಸದವರು ಸ್ಟೋನ್‌ವೇರ್ ಪೈಪು ಎನ್ನುತ್ತಾರೆ. ಭಾರತೀಯ ಮಾನಕ ಐ.ಎಸ್. 651 ಈ ಪೈಪುಗಳಿಗೆ ಸಂಬಂಧಿಸಿದ್ದು. ಕೊಳೆನೀರಿನ ಆಮ್ಲಕ್ಕೆ ಇದು ಸುಲಭವಾಗಿ ಬಗ್ಗುವುದಿಲ್ಲ, ದಶಕಗಟ್ಟಲೆ ಬಾಳುತ್ತದೆ. ಇದರ ದೌರ್ಬಲ್ಯ ಇರುವುದು ಉದ್ದದಲ್ಲಿ. 60 ಸೆಂಟಿಮೀಟರ್ ಉದ್ದದ ತುಂಡುಗಳನ್ನು ಬಳಸಿದರೆ 9 ಮೀಟರ್ ಅಂಗಳಕ್ಕೆ 15 ತುಂಡುಗಳು ಬೇಕು. ಅವುಗಳ ನಡುವೆ 14 ಸಂದುಗಳಾಗುತ್ತವೆ. ಪ್ರತಿಯೊಂದನ್ನೂ ಸುತಳಿ ಮತ್ತು ಸಿಮೆಂಟ್ ಗಾರೆಯಿಂದ ಮುಚ್ಚಬೇಕು. ಒಂದು ಸಂದಿನ ಕೆಳಭಾಗಕ್ಕೆ ಗಾರೆ ಸರಿಯಾಗಿ ತುಂಬದಿದ್ದರೂ ಅದು ಬೇರಿಗೆ ತೆರೆದ ಬಾಗಿಲು.

ಎರೆಮಣ್ಣು ಈ ದೌರ್ಬಲ್ಯವನ್ನು ಹೆಚ್ಚಿಸುತ್ತದೆ. ಮಳೆಯಲ್ಲಿ ಅದು ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಸೂರತ್ತಿನಲ್ಲಿ ವರ್ಷಕ್ಕೆ ಸುಮಾರು 1,200 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಹೀಗೆ ಪ್ರತಿ ವರ್ಷವೂ ಪೈಪಿನ ಕೆಳಗಿನ ನೆಲ ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ. ಸಿಮೆಂಟ್ ಗಾರೆ ಬಾಗುವ ವಸ್ತುವಲ್ಲ, ಅದು ಬಿರಿಯುತ್ತದೆ. ಪೈಪು ಅಲ್ಲಲ್ಲಿ ಕುಸಿದು ಇಳಿಜಾರು ಕೆಟ್ಟರೆ ಕೊಳೆನೀರು ನಿಲ್ಲುತ್ತದೆ. ನಿಂತ ನೀರು ಇನ್ನಷ್ಟು ಸೋರುತ್ತದೆ.

ಪಿ.ವಿ.ಸಿ. ಪೈಪಿನಲ್ಲಿ ಈ ತೊಂದರೆ ಕಡಿಮೆ. 6 ಮೀಟರ್ ಉದ್ದದ ಪೈಪಾದರೆ ಅದೇ ಅಂಗಳಕ್ಕೆ ಒಂದೋ ಎರಡೋ ಸಂದು ಸಾಕು. ರಬ್ಬರ್ ಉಂಗುರದ ಸಂದು ನೆಲದ ಸಣ್ಣ ಚಲನೆಯನ್ನು ತಡೆದುಕೊಳ್ಳುತ್ತದೆ. ಆದರೆ ಪಿ.ವಿ.ಸಿ. ಹಾಕಿದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ಸ್ವೀಡನ್ ದೇಶದ ನಗರಗಳಲ್ಲಿ ನಡೆದ ಪರಿಶೀಲನೆಯಲ್ಲಿ ಪಿ.ವಿ.ಸಿ. ಪೈಪುಗಳೊಳಗೂ ಬೇರು ಕಂಡುಬಂದಿದೆ. ಉಂಗುರ ಮಡಿಸಿಕೊಂಡಿದ್ದರೆ, ಮರಳು ಸಿಕ್ಕಿದ್ದರೆ, ಅಥವಾ ಪೈಪು ಪೂರ್ತಿ ಒಳಗೆ ಕೂರದಿದ್ದರೆ ಸಂದು ಅಲ್ಲಿಯೂ ಸಂದೇ.

ಎಚ್ಚರಿಕೆ ಬೇಕಾದ ಮರಗಳು

ಆಲ, ಅರಳಿ, ಬಸರಿ, ಗೋಣಿ, ಅತ್ತಿ ಇವು ಒಂದೇ ಕುಲದ ಮರಗಳು. ಇವುಗಳ ಬೇರು ದೂರ ಹರಿಯುತ್ತದೆ, ಇಟ್ಟಿಗೆಯ ಸಂದಿನಲ್ಲೂ ಬದುಕುತ್ತದೆ. ಇವನ್ನು ಯಾರೂ ನೆಡಬೇಕಾಗಿಲ್ಲ. ಹಕ್ಕಿಯ ಹಿಕ್ಕೆಯಲ್ಲಿ ಬಿದ್ದ ಬೀಜ ಚೇಂಬರಿನ ಇಟ್ಟಿಗೆ ಗೋಡೆಯಲ್ಲೇ ಮೊಳೆಯುತ್ತದೆ. ಎರಡೆಲೆಯ ಅರಳಿ ಸಸಿಯನ್ನು ಕಂಡ ದಿನವೇ ಬೇರು ಸಹಿತ ತೆಗೆಯುವುದು ಸುಲಭ. ಅರಳಿಯನ್ನು ಕೀಳಲು ಮನಸ್ಸು ಒಪ್ಪದವರು ಸಸಿಯನ್ನು ಕುಂಡಕ್ಕೆ ವರ್ಗಾಯಿಸಿ ಕೆರೆಯ ಏರಿಯ ಬಳಿಯೋ ದೇವಸ್ಥಾನದ ಬಯಲಿನಲ್ಲೋ ನೆಡಬಹುದು. ಐದು ವರ್ಷ ಬಿಟ್ಟರೆ ಅದೇ ಸಸಿ ಗೋಡೆಯನ್ನು ಸೀಳುತ್ತದೆ. ಗುಲ್‌ಮೊಹರ್ ಮತ್ತು ಮಳೆ ಮರಗಳ ಬೇರುಗಳೂ ಮೇಲ್ಮಣ್ಣಿನಲ್ಲಿ ಅಗಲವಾಗಿ ಹರಡುತ್ತವೆ.

ಗುಜರಾತಿನಲ್ಲಿ ಇತ್ತೀಚೆಗೆ ಹೆಚ್ಚು ಚರ್ಚೆಗೆ ಒಳಗಾದುದು ಕೋನೋಕಾರ್ಪಸ್ ಎಂಬ ಹೊರನಾಡಿನ ಮರ. ಬೇಗ ಬೆಳೆಯುವ, ವರ್ಷವಿಡೀ ಹಸುರಾಗಿರುವ ಈ ಮರವನ್ನು ಅಹಮದಾಬಾದ್, ವಡೋದರಾ, ಸೂರತ್ ಮೊದಲಾದ ನಗರಗಳಲ್ಲಿ ರಸ್ತೆ ವಿಭಜಕಗಳಲ್ಲಿ, ಉದ್ಯಾನಗಳಲ್ಲಿ ಮತ್ತು ಮನೆಯ ಬೇಲಿಯ ಸಾಲಿನಲ್ಲಿ ನೆಡಲಾಗಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಗುಜರಾತ್ ಅರಣ್ಯ ಇಲಾಖೆಯು ಈ ಮರವನ್ನು ಅರಣ್ಯ ಪ್ರದೇಶದಲ್ಲಾಗಲಿ ಇತರ ಪ್ರದೇಶದಲ್ಲಾಗಲಿ ನೆಡುವುದನ್ನು ನಿಷೇಧಿಸಿತು. ಚಳಿಗಾಲದಲ್ಲಿ ಹರಡುವ ಇದರ ಪರಾಗದಿಂದ ನೆಗಡಿ, ಕೆಮ್ಮು, ಉಬ್ಬಸ ಉಂಟಾಗುತ್ತವೆ ಎಂಬುದು ಇಲಾಖೆ ಕೊಟ್ಟ ಒಂದು ಕಾರಣ. ಆಳವಾಗಿಯೂ ಅಗಲವಾಗಿಯೂ ಹರಡುವ ಬೇರು ದೂರಸಂಪರ್ಕದ ತಂತಿಗಳಿಗೆ, ಚರಂಡಿ ಮಾರ್ಗಗಳಿಗೆ ಮತ್ತು ಸಿಹಿನೀರಿನ ವ್ಯವಸ್ಥೆಗೆ ಹಾನಿ ಮಾಡುತ್ತದೆ ಎಂಬುದು ಇನ್ನೊಂದು. ಕುವೈತ್, ಇರಾಕ್ ಮುಂತಾದ ಒಣ ನಾಡುಗಳಲ್ಲಿಯೂ ಇದೇ ಕುಲದ ಮರದ ಬಗ್ಗೆ ಇಂತಹದೇ ದೂರುಗಳು ಕೇಳಿಬಂದಿವೆ. ಹಸುರು ಬೇಗ ಬೇಕೆಂಬ ಆತುರದಲ್ಲಿ ಮರವನ್ನು ಆರಿಸಿದರೆ ಅದರ ಬೆಲೆಯನ್ನು ನೆಲದ ಕೆಳಗೆ ತೆರಬೇಕಾಗುತ್ತದೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ತೊಂದರೆಯ ಲಕ್ಷಣಗಳು

ಬೇರಿನ ಅಡಚಣೆ ಒಂದೇ ದಿನದಲ್ಲಿ ಬರುವುದಿಲ್ಲ. ಮುನ್ಸೂಚನೆಗಳನ್ನು ಗುರುತಿಸಿದರೆ ಅಂಗಳಕ್ಕೆ ಕೊಳೆನೀರು ಉಕ್ಕುವುದನ್ನು ತಪ್ಪಿಸಬಹುದು.

1. ಒಂದು ಬಚ್ಚಲು ಮಾತ್ರವಲ್ಲದೆ ನೆಲಮಹಡಿಯ ಎಲ್ಲ ಬಚ್ಚಲುಗಳಲ್ಲೂ ನೀರು ನಿಧಾನವಾಗಿ ಇಳಿಯುವುದು. ಒಂದೇ ಕಡೆ ನಿಂತರೆ ದೋಷ ಆ ಕೊಠಡಿಯ ಪೈಪಿನಲ್ಲಿದೆ. ಎಲ್ಲೆಡೆ ನಿಂತರೆ ಅಂಗಳದ ಪೈಪಿನಲ್ಲಿದೆ.

2. ಶೌಚಾಲಯದಲ್ಲಿ ನೀರು ಹಾಕಿದಾಗ ಪಕ್ಕದ ಬಚ್ಚಲಿನ ಜಾಲರಿಯಲ್ಲಿ ಗುಳುಗುಳು ಸದ್ದು ಬರುವುದು.

3. ಸ್ವಚ್ಛಗೊಳಿಸಿದ ಕೆಲವೇ ತಿಂಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಕಟ್ಟಿಕೊಳ್ಳುವುದು. ಜಿಡ್ಡಿನಿಂದಾದ ಅಡಚಣೆ ಒಮ್ಮೆ ತೆಗೆದರೆ ಬಹುಕಾಲ ಮರಳುವುದಿಲ್ಲ, ಬೇರು ಮರಳುತ್ತದೆ.

4. ಬೇಸಿಗೆಯಲ್ಲಿ ಅಂಗಳದ ಒಂದು ಪಟ್ಟಿ ಮಾತ್ರ ಹಸುರಾಗಿರುವುದು, ಅಥವಾ ಪೈಪಿನ ಸಾಲಿನ ಮೇಲೆ ನೆಲ ಕುಸಿದು ಹಳ್ಳ ಬೀಳುವುದು.

5. ಚೇಂಬರಿನ ಮುಚ್ಚಳ ತೆಗೆದಾಗ ಕಂದು ಬಣ್ಣದ ನಾರಿನಂತಹ ಎಳೆಗಳು ಕಾಣುವುದು.

ಈ ಲಕ್ಷಣಗಳನ್ನು ಅಸಡ್ಡೆ ಮಾಡಬಾರದೆಂಬುದಕ್ಕೆ ಆರೋಗ್ಯದ ಕಾರಣವೂ ಇದೆ. ಅನೇಕ ಮನೆಗಳಲ್ಲಿ ಕುಡಿಯುವ ನೀರಿನ ಕೊಳಾಯಿ ಪೈಪು ಚರಂಡಿಯ ಪೈಪಿನ ಪಕ್ಕದಲ್ಲೇ ಹಾದಿರುತ್ತದೆ. ನಲ್ಲಿಯಲ್ಲಿ ನೀರು ಕೆಲವೇ ಗಂಟೆ ಬರುವ ಊರುಗಳಲ್ಲಿ, ನೀರು ನಿಂತ ಮೇಲೆ ಕೊಳಾಯಿ ಪೈಪಿನೊಳಗೆ ಒತ್ತಡ ಇಳಿಯುತ್ತದೆ. ಆಗ ಸಣ್ಣ ತೂತಿದ್ದರೂ ಸುತ್ತ ನಿಂತ ಕೊಳೆನೀರು ಒಳಗೆ ಸೇರುತ್ತದೆ. ಕಾಮಾಲೆ, ವಿಷಮಶೀತಜ್ವರ, ವಾಂತಿಭೇದಿ ಹರಡುವ ದಾರಿಗಳಲ್ಲಿ ಇದೂ ಒಂದು. 1955–56ರಲ್ಲಿ ದೆಹಲಿಯಲ್ಲಿ, 1975–76ರಲ್ಲಿ ಅಹಮದಾಬಾದಿನಲ್ಲಿ ಕಾಮಾಲೆ ದೊಡ್ಡ ಪ್ರಮಾಣದಲ್ಲಿ ಹರಡಿತ್ತು. ಕೊಳೆನೀರು ಕುಡಿಯುವ ನೀರಿಗೆ ಸೇರಿದರೆ ಒಂದು ಮನೆಯ ದೋಷ ಇಡೀ ಕೇರಿಯ ಕಾಯಿಲೆಯಾಗಬಲ್ಲದು.

ದೋಷವಿರುವ ಜಾಗವನ್ನು ಪತ್ತೆ ಮಾಡುವುದು

ಅಗೆಯುವ ಮೊದಲು ಎಲ್ಲಿ ಅಗೆಯಬೇಕೆಂಬುದು ತಿಳಿದಿರಬೇಕು. ಚೇಂಬರುಗಳ ಮುಚ್ಚಳ ತೆರೆದು ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟು, ದೂರ ನಿಂತು ನೋಡಬೇಕು. ಬೆಂಕಿಕಡ್ಡಿ ಗೀರಿ ನೋಡುವುದು ಅತ್ಯಂತ ಅಪಾಯಕರ. ಮೇಲಿನ ಚೇಂಬರು ತುಂಬಿದ್ದು ಕೆಳಗಿನದು ಖಾಲಿಯಿದ್ದರೆ ಅಡಚಣೆ ಅವೆರಡರ ನಡುವೆ ಇದೆ. ಎರಡೂ ತುಂಬಿದ್ದರೆ ಅಡಚಣೆ ಇನ್ನೂ ಕೆಳಗಿದೆ. ಕೊನೆಯ ಚೇಂಬರೂ ತುಂಬಿದ್ದರೆ ದೋಷ ಬೀದಿಯ ಚರಂಡಿಯಲ್ಲಿರಬಹುದು. ಆಗ ನಗರಪಾಲಿಕೆಗೆ ದೂರು ಕೊಡಬೇಕು.

ನಡುವಿನ ಪೈಪು ನೇರವಾಗಿದ್ದರೆ ಕನ್ನಡಿಯ ಪರೀಕ್ಷೆ ಸಾಧ್ಯ. ಒಂದು ಚೇಂಬರಿನಲ್ಲಿ ಬ್ಯಾಟರಿ ದೀಪ ಹಿಡಿದು, ಇನ್ನೊಂದರಲ್ಲಿ ಓರೆಯಾಗಿ ಕೋಲಿಗೆ ಕಟ್ಟಿದ ಕನ್ನಡಿಯನ್ನು ಇಳಿಸಿದರೆ, ಪೈಪು ಚೊಕ್ಕಟವಾಗಿದ್ದಾಗ ಬೆಳಕಿನ ಪೂರ್ಣ ವೃತ್ತ ಕಾಣುತ್ತದೆ. ವೃತ್ತ ಅರ್ಧ ಕಂಡರೆ ಪೈಪು ಕುಸಿದಿದೆ; ಎಳೆಗಳು ಕಂಡರೆ ಬೇರು ಇಳಿದಿದೆ. ಎಷ್ಟನೆಯ ಮೀಟರಿನಲ್ಲಿ ದೋಷವಿದೆ ಎಂಬುದನ್ನು ತಿಳಿಯಲು ಶುಚಿಗೊಳಿಸುವ ಸರಳನ್ನು ತಡೆ ಸಿಗುವವರೆಗೆ ತೂರಿ ಅಳತೆ ಮಾಡಬಹುದು. ಪೈಪಿನೊಳಗೆ ಸಾಗುವ ಸಣ್ಣ ಕ್ಯಾಮೆರಾ ದೊರೆಯುವ ಊರುಗಳಲ್ಲಿ ಅದೇ ಉತ್ತಮ. ಅದು ಜಾಗವನ್ನೂ ದೋಷದ ಸ್ವರೂಪವನ್ನೂ ಒಟ್ಟಿಗೆ ತೋರಿಸುತ್ತದೆ. ಹತ್ತು ಕಡೆ ಅಗೆಯುವ ಖರ್ಚು ಇದರಿಂದ ಉಳಿಯುತ್ತದೆ.

ಬೇರನ್ನು ತೆರವುಗೊಳಿಸುವುದು

ಹಿಂದೆ ಬಿದಿರಿನ ದಬ್ಬೆಗಳನ್ನು ಒಂದಕ್ಕೊಂದು ಕಟ್ಟಿ ಪೈಪಿನೊಳಗೆ ತಳ್ಳುತ್ತಿದ್ದರು. ಇದರಿಂದ ಬೇರಿನ ಜುಂಗಿನಲ್ಲಿ ಒಂದು ತೂತಾಗುತ್ತದೆಯೇ ಹೊರತು ಜುಂಗು ಹೋಗುವುದಿಲ್ಲ. ತುದಿಯಲ್ಲಿ ಕತ್ತರಿಸುವ ಅಲಗುಳ್ಳ, ಬಾಗುವ ಉಕ್ಕಿನ ಸರಳನ್ನು ಯಂತ್ರದಿಂದ ತಿರುಗಿಸುವ ವಿಧಾನ ಇದಕ್ಕಿಂತ ಮೇಲು. ಅಧಿಕ ಒತ್ತಡದ ನೀರಿನ ಧಾರೆಯಿಂದ ಕತ್ತರಿಸಿ ತೊಳೆಯುವ ಜೆಟ್ಟಿಂಗ್ ಯಂತ್ರ ಇನ್ನೂ ಉತ್ತಮ. ಆದರೆ ಬಿರುಕು ಬಿಟ್ಟ ಹಳೆಯ ಪೈಪಿಗೆ ಅತಿ ಒತ್ತಡ ಕೊಟ್ಟರೆ ಪೈಪೇ ಕುಸಿಯಬಹುದಾದ್ದರಿಂದ ಅನುಭವಿಗಳಿಂದಲೇ ಈ ಕೆಲಸ ಮಾಡಿಸಬೇಕು.

ಮೈಲುತುತ್ತವನ್ನು ಸುರಿದರೆ ಬೇರು ಸಾಯುತ್ತದೆ ಎಂಬ ಸಲಹೆಯನ್ನು ಕೆಲವರು ಕೊಡುತ್ತಾರೆ. ನೀರಿನಲ್ಲಿ ಮುಳುಗಿದ ಎಳೆಗಳು ಅದರಿಂದ ಸಾಯಬಹುದು. ಆದರೆ ಸೆಪ್ಟಿಕ್ ಟ್ಯಾಂಕಿನಲ್ಲಿ ಮಲವನ್ನು ಕರಗಿಸುವ ಉಪಯುಕ್ತ ಜೀವಾಣುಗಳೂ ಸಾಯುತ್ತವೆ. ತಾಮ್ರವು ಕೆರೆ, ನದಿಯ ಮೀನುಗಳಿಗೂ ವಿಷ. ಆಮ್ಲ ಸುರಿಯುವುದು ಇನ್ನೂ ಕೆಟ್ಟದ್ದು. ಅದು ಸಂದಿನ ಗಾರೆಯನ್ನೇ ತಿನ್ನುತ್ತದೆ, ಮುಂದೆ ಚೇಂಬರು ತೆರೆದವರ ಮುಖಕ್ಕೆ ಹಬೆಯಾಗಿ ಏರುತ್ತದೆ. ಮನೆಬಳಕೆಗೆ ಇವೆರಡೂ ತಕ್ಕವಲ್ಲ.

ಯಾವ ಕಾರಣಕ್ಕೂ ಮನುಷ್ಯನನ್ನು ಗುಂಡಿಗೆ ಇಳಿಸಬಾರದು. ಕೊಳೆನೀರಿನಿಂದ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲ ಗಾಳಿಗಿಂತ ಭಾರ. ಗುಂಡಿಯ ತಳದಲ್ಲಿ ನಿಲ್ಲುತ್ತದೆ. ಕೊಳೆತ ಮೊಟ್ಟೆಯ ವಾಸನೆಯಿಂದ ಅದನ್ನು ಗುರುತಿಸಬಹುದೆಂದು ಜನ ತಿಳಿಯುತ್ತಾರೆ. ಆದರೆ ಪ್ರಮಾಣ ಹೆಚ್ಚಾದಾಗ ಅದು ಮೊದಲು ಮೂಗಿನ ಗ್ರಹಣಶಕ್ತಿಯನ್ನೇ ಕೆಡಿಸುತ್ತದೆ. ವಾಸನೆ ನಿಂತಿತೆಂದರೆ ಅಪಾಯ ಕಳೆಯಿತೆಂದಲ್ಲ. ಒಬ್ಬನು ಕುಸಿದಾಗ ಅವನನ್ನು ಎತ್ತಲು ಇಳಿದ ಇನ್ನೊಬ್ಬನೂ ಅಲ್ಲೇ ಉಳಿಯುವ ದುರಂತಗಳು ದೇಶದಲ್ಲಿ ಅನೇಕ ಬಾರಿ ನಡೆದಿವೆ.

2013ರ ಕೇಂದ್ರ ಅಧಿನಿಯಮದ ಪ್ರಕಾರ ರಕ್ಷಣಾ ಸಾಧನ ಮತ್ತು ಸುರಕ್ಷತಾ ಕ್ರಮಗಳಿಲ್ಲದೆ ಒಳಚರಂಡಿಯನ್ನಾಗಲಿ ಸೆಪ್ಟಿಕ್ ಟ್ಯಾಂಕನ್ನಾಗಲಿ ಕೈಯಿಂದ ಸ್ವಚ್ಛಗೊಳಿಸಲು ಯಾರನ್ನೂ ನೇಮಿಸುವಂತಿಲ್ಲ. ಈ ನಿಷೇಧ ಸ್ಥಳೀಯ ಸಂಸ್ಥೆಗಳಿಗೆ ಮಾತ್ರವಲ್ಲ, ಪ್ರತಿಯೊಬ್ಬ ವ್ಯಕ್ತಿಗೂ, ಎಂದರೆ ಮನೆಯ ಯಜಮಾನನಿಗೂ ಅನ್ವಯಿಸುತ್ತದೆ. ಮೊದಲ ಬಾರಿಯ ಉಲ್ಲಂಘನೆಗೆ 2 ವರ್ಷಗಳವರೆಗೆ ಸೆರೆವಾಸ ಅಥವಾ 2 ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಒಳಚರಂಡಿಯಲ್ಲಿ ಮೃತಪಟ್ಟವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಯಂತ್ರಗಳ ಮೂಲಕವೇ ಶುಚೀಕರಣ ನಡೆಯಬೇಕೆಂಬ ಉದ್ದೇಶದಿಂದ ಕೇಂದ್ರ ಸರ್ಕಾರವು 2020ರ ನವೆಂಬರ್ 19ರಂದು 'ಸಫಾಯಿಮಿತ್ರ ಸುರಕ್ಷಾ ಚಾಲೆಂಜ್' ಕಾರ್ಯಕ್ರಮವನ್ನು 243 ನಗರಗಳಲ್ಲಿ ಆರಂಭಿಸಿತು. ಮ್ಯಾನ್‌ಹೋಲ್‌ಗೆ ಮನುಷ್ಯನ ಬದಲು ಇಳಿಯುವ ಯಂತ್ರಮಾನವನ ಬಳಕೆ 2018ರಲ್ಲಿ ತಿರುವನಂತಪುರದಲ್ಲಿ ಆರಂಭವಾಯಿತು.

ಶಾಶ್ವತ ದುರಸ್ತಿ

ಕತ್ತರಿಸಿದ ಬೇರು, ಸವರಿದ ಕೊಂಬೆಯಂತೆ, ಇನ್ನಷ್ಟು ಕವಲೊಡೆದು ಚಿಗುರುತ್ತದೆ. ಆದ್ದರಿಂದ ತೆರವು ತಾತ್ಕಾಲಿಕ ಉಪಶಮನ ಮಾತ್ರ. ಸಂದನ್ನು ಮುಚ್ಚುವುದೇ ನಿಜವಾದ ಚಿಕಿತ್ಸೆ.

ಒಂದೆರಡು ಸಂದುಗಳಲ್ಲಿ ಮಾತ್ರ ದೋಷವಿದ್ದರೆ ಅಷ್ಟೇ ಭಾಗವನ್ನು ಅಗೆದು, ಒಡೆದ ತುಂಡುಗಳನ್ನು ಬದಲಿಸಿ, ಸಂದಿನ ಸುತ್ತ ಕಾಂಕ್ರೀಟ್ ಹೊದಿಕೆ ಹಾಕಬಹುದು. ಹಲವು ಸಂದುಗಳು ಕೆಟ್ಟಿದ್ದರೆ ಪೂರ್ತಿ ಸಾಲನ್ನು ಬದಲಿಸುವುದೇ ಮಿತವ್ಯಯ. ನೆಲದಡಿಯ ಚರಂಡಿಗೆಂದೇ ಐ.ಎಸ್. 15328 ಮಾನಕದ ಪಿ.ವಿ.ಸಿ. ಪೈಪುಗಳು ದೊರೆಯುತ್ತವೆ. ಕೊಳ್ಳುವಾಗ ಪೈಪಿನ ಮೇಲೆ ಈ ಸಂಖ್ಯೆ ಅಚ್ಚಾಗಿರುವುದನ್ನು ನೋಡಿಕೊಳ್ಳಬೇಕು.

ಎರೆಮಣ್ಣಿನಲ್ಲಿ ಪೈಪನ್ನು ನೇರವಾಗಿ ಮಣ್ಣಿನ ಮೇಲೆ ಕೂರಿಸಬಾರದು. ಕಾಲುವೆಯನ್ನು ಸ್ವಲ್ಪ ಹೆಚ್ಚು ಆಳ ಅಗೆದು, ಮರಳಿನ ಹಾಸು ಹಾಕಿ, ಪೈಪಿನ ಸುತ್ತಲೂ ಮರಳು ತುಂಬಿ ದಮ್ಮಸ್ಸು ಮಾಡಬೇಕು. ಮಣ್ಣು ಉಬ್ಬಿ ಕುಗ್ಗಿದಾಗ ಈ ಹಾಸು ಅದರ ಒತ್ತಡವನ್ನು ತಡೆದುಕೊಳ್ಳುತ್ತದೆ. ಇಳಿಜಾರಿನ ರೂಢಿಯ ಲೆಕ್ಕ ಸುಲಭ: 4 ಅಂಗುಲದ ಪೈಪಿಗೆ 40 ಅಡಿಗೆ 1 ಅಡಿ, 6 ಅಂಗುಲದ ಪೈಪಿಗೆ 60 ಅಡಿಗೆ 1 ಅಡಿ. ಕಾಲುವೆ ಒಂದೂವರೆ ಮೀಟರಿಗಿಂತ ಆಳವಾದರೆ ಎರಡೂ ಬದಿಗೆ ಹಲಗೆಯ ಆಸರೆ ಕೊಡಲೇಬೇಕು. ಮಣ್ಣು ಕುಸಿದು ಕೆಲಸಗಾರರು ಸಿಕ್ಕಿಕೊಳ್ಳುವ ಅಪಾಯವಿರುತ್ತದೆ.

ಕಾಲುವೆ ಮುಚ್ಚುವ ಮೊದಲು ನೀರಿನ ಪರೀಕ್ಷೆ ಮಾಡಬೇಕು. ಪೈಪಿನ ಕೆಳತುದಿಯನ್ನು ಬಿರಡೆಯಿಂದ ಮುಚ್ಚಿ, ಮೇಲಿನ ಚೇಂಬರಿನವರೆಗೆ ನೀರು ತುಂಬಿ, ಸ್ವಲ್ಪ ಹೊತ್ತು ಬಿಟ್ಟು, ಮಟ್ಟವನ್ನು ಗುರುತು ಹಾಕಿ ಅರ್ಧ ಗಂಟೆಯ ಬಳಿಕ ನೋಡಬೇಕು. ಮಟ್ಟ ಇಳಿದಿದ್ದರೆ ಪ್ರತಿ ಸಂದನ್ನೂ ಪರೀಕ್ಷಿಸಿ ಸೋರುವುದನ್ನು ಸರಿಪಡಿಸಬೇಕು. ಮಣ್ಣು ಮುಚ್ಚಿದ ಮೇಲೆ ಗುತ್ತಿಗೆದಾರನ ಮಾತು ಮಾತ್ರ ಉಳಿಯುತ್ತದೆ. ಮುಚ್ಚುವ ಮೊದಲು ನೀರೇ ಸಾಕ್ಷಿ ಹೇಳುತ್ತದೆ.

ಅಗೆಯಲು ಆಗದ ಕಡೆ ಹಳೆಯ ಪೈಪಿನೊಳಗೇ ಅಂಟಿನಲ್ಲಿ ನೆನೆಸಿದ ಬಟ್ಟೆಯ ಕೊಳವೆಯನ್ನು ತೂರಿಸಿ ಗಟ್ಟಿಯಾಗಿಸುವ ವಿಧಾನವೂ ಇದೆ. 1971ರಲ್ಲಿ ಲಂಡನ್ನಿನಲ್ಲಿ ಮೊದಲು ಬಳಸಲಾದ ಈ ವಿಧಾನದಿಂದ ಪೈಪಿನೊಳಗೆ ಸಂದೇ ಇಲ್ಲದ ಹೊಸ ಪೈಪು ಉಂಟಾಗುತ್ತದೆ. ಆದರೆ ವೆಚ್ಚ ಹೆಚ್ಚಾದ್ದರಿಂದ ಇದು ಸಾಮಾನ್ಯವಾಗಿ ನಗರದ ದೊಡ್ಡ ಚರಂಡಿಗಳಿಗೇ ಹೊಂದುತ್ತದೆ.

ಮರವನ್ನು ಕಡಿಯಬೇಕೇ?

ಹೆಚ್ಚಿನ ಸಂದರ್ಭಗಳಲ್ಲಿ ಬೇಕಾಗಿಲ್ಲ. ಸೋರುವ ಪೈಪಿಗಾಗಿ ಮರವನ್ನು ಉರುಳಿಸುವುದು, ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ಮರ ಹೋದ ಮೇಲೂ ಕೆಲವು ಜಾತಿಯ ಬೇರುಗಳು ಬುಡದಿಂದ ಚಿಗುರುತ್ತವೆ. ಸತ್ತ ಬೇರು ಕೊಳೆತಾಗ ಪೈಪಿನ ಪಕ್ಕದಲ್ಲಿ ಪೊಳ್ಳಾಗಿ ನೆಲ ಕುಸಿಯುತ್ತದೆ. ಸೋರುವ ಸಂದು ಹಾಗೆಯೇ ಇರುವುದರಿಂದ ನೆರೆಮನೆಯ ಮರದ ಬೇರು ಆ ಜಾಗಕ್ಕೆ ಬರುವುದೂ ಸಾಧ್ಯ. ಬೇಸಿಗೆಯ ಸೂರತ್ತಿನಲ್ಲಿ ಬೇವಿನ ನೆರಳು ಕೊಡುವ ತಂಪಿಗೆ ಬದಲಿ ಸುಲಭವಾಗಿ ಸಿಗುವುದಿಲ್ಲ.

ಪೈಪಿನ ಬಳಿಯ ಬೇರನ್ನು ಕತ್ತರಿಸಬೇಕಾದಾಗ ಎಚ್ಚರ ಅಗತ್ಯ. ಕಾಂಡದ ವ್ಯಾಸದ ಐದು ಪಟ್ಟು ದೂರದೊಳಗಿನ ದಪ್ಪ ಬೇರುಗಳನ್ನು ಮುಟ್ಟದಿರುವುದು ಒಳ್ಳೆಯದು. ಅವು ಮರವನ್ನು ನೆಲಕ್ಕೆ ಹಿಡಿದಿಟ್ಟಿರುತ್ತವೆ. ಎಲ್ಲ ಬದಿಯಿಂದ ಒಟ್ಟಿಗೆ ಕತ್ತರಿಸಬಾರದು. ಮಳೆಗಾಲದ ಹೊಸ್ತಿಲಲ್ಲಿ ಬೇರು ಕತ್ತರಿಸಿದರೆ ಮೊದಲ ಬಿರುಗಾಳಿಗೆ ಮರ ಮನೆಯ ಮೇಲೆಯೇ ಬೀಳಬಹುದು. ನವೆಂಬರ್‌ನಿಂದ ಫೆಬ್ರವರಿಯವರೆಗೆ ಈ ಕೆಲಸಕ್ಕೆ ಸೂಕ್ತ ಕಾಲ. ಆಗ ನೆಲದ ನೀರೂ ಇಳಿದಿರುತ್ತದೆ, ಮುಂದಿನ ಮಳೆಗೆ ಮೊದಲು ಮರಕ್ಕೆ ಹೊಸ ಬೇರು ಬಿಡಲು ಸಮಯವೂ ಇರುತ್ತದೆ.

ಮರ ತೆಗೆಯುವುದು ಅನಿವಾರ್ಯವಾದರೆ ಸಂಬಂಧಪಟ್ಟ ಅಧಿಕಾರಿಯ ಅನುಮತಿ ಪಡೆಯಬೇಕು. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಅಧಿನಿಯಮದ ಅನುಸಾರ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಸ್ವಂತ ಅಂಗಳದ ಮರವೆಂಬ ಕಾರಣಕ್ಕೆ ಇದರಿಂದ ವಿನಾಯಿತಿ ಇದೆಯೆಂದು ಭಾವಿಸಬಾರದು.

ಮುನ್ನೆಚ್ಚರಿಕೆಯ ಕ್ರಮಗಳು

1. ಮನೆ ಕಟ್ಟುವಾಗಲೇ ಒಳಚರಂಡಿಯ ಸಾಲು, ಚೇಂಬರುಗಳ ಜಾಗ ಮತ್ತು ಆಳವನ್ನು ಕಾಗದದ ಮೇಲೆ ಬರೆದು ಮನೆಯ ಪತ್ರಗಳೊಡನೆ ಇಡಬೇಕು.

2. ಸಣ್ಣ ಗಿಡಗಳನ್ನು ಪೈಪಿನಿಂದ ಕನಿಷ್ಠ 3 ಮೀಟರ್, ದೊಡ್ಡ ಮರಗಳನ್ನು 6 ಮೀಟರ್ ದೂರದಲ್ಲಿ ನೆಡುವುದು ಲೇಸು. ಆಲ, ಅರಳಿ ಜಾತಿಗಳು ಮನೆಯಂಗಳಕ್ಕೆ ತಕ್ಕವಲ್ಲ. ಅವಕ್ಕೆ ಬಯಲು ಬೇಕು.

3. ಪೈಪಿನ ಸಾಲಿನ ಮೇಲೆ ತುಳಸಿ, ದಾಸವಾಳ, ಮಲ್ಲಿಗೆಯಂತಹ ಸಣ್ಣ ಗಿಡಗಳನ್ನು ಕುಂಡದಲ್ಲಿ ಬೆಳೆಸಬಹುದು.

4. ಮರಕ್ಕೆ ಬೇಸಿಗೆಯಲ್ಲಿ ಬುಡದಿಂದ ದೂರ, ಪೈಪಿಗೆ ವಿರುದ್ಧ ದಿಕ್ಕಿನಲ್ಲಿ ನೀರುಣಿಸಬೇಕು. ಅಗತ್ಯವಾದ ನೀರು ಅಲ್ಲಿ ಸಿಕ್ಕಾಗ ಆ ಕಡೆಯ ಬೇರುಗಳು ಬಲವಾಗಿ ಬೆಳೆಯುತ್ತವೆ.

5. ಅಡುಗೆಮನೆಯ ಎಣ್ಣೆಜಿಡ್ಡು, ಬಟ್ಟೆಯ ಚೂರು, ಪ್ಲಾಸ್ಟಿಕ್ಕನ್ನು ಬಚ್ಚಲಿಗೆ ಬಿಡಬಾರದು.

6. ಮಳೆಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಚೇಂಬರುಗಳನ್ನು ತೆರೆದು ನೋಡಬೇಕು.

7. ಮಳೆನೀರಿನ ಪೈಪನ್ನು ಕೊಳೆನೀರಿನ ಪೈಪಿಗೆ ಜೋಡಿಸಬಾರದು. ಭಾರಿ ಮಳೆಯಲ್ಲಿ ಪೈಪು ತುಂಬಿ ಒತ್ತಡದಿಂದ ಸಂದುಗಳು ಬಿಚ್ಚಿಕೊಳ್ಳುತ್ತವೆ.

ಉಪಸಂಹಾರ

ನೆಲದ ಮೇಲೆ ಮರ, ನೆಲದ ಕೆಳಗೆ ಚರಂಡಿ — ನಗರವಾಸಿಗೆ ಎರಡೂ ಬೇಕು. ಇವೆರಡರ ನಡುವೆ ವೈರವಿಲ್ಲ. ವೈರವನ್ನು ಉಂಟುಮಾಡುವುದು ಸೋರುವ ಸಂದು. ಸಂದು ಬಿಗಿಯಾಗಿದ್ದರೆ ಬೇರು ಪೈಪಿನ ಪಕ್ಕದಲ್ಲೇ ಹಾದು ತನ್ನ ಪಾಡಿಗೆ ತಾನು ಹೋಗುತ್ತದೆ. ಚೆನ್ನಾಗಿ ಜೋಡಿಸಿ, ಪರೀಕ್ಷಿಸಿ, ವರ್ಷಕ್ಕೆರಡು ಬಾರಿ ನೋಡಿಕೊಂಡ ಪೈಪು ಇರುವ ಮನೆಯಲ್ಲಿ ಮರಕ್ಕೆ ಕೊಡಲಿ ಬೀಳುವುದಿಲ್ಲ, ಬಡ ಕೂಲಿಕಾರನೊಬ್ಬ ವಿಷಗಾಳಿಯ ಗುಂಡಿಗೆ ಇಳಿಯಬೇಕಾಗುವುದೂ ಇಲ್ಲ.